ಲಫ್‌ಬರೊದಿಂದ ಅಜ್ಜಿಗೊಂದು ಪತ್ರ

ಲಫ್‌ಬರೊ, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಜ್ಜಿಗೆ ನಮಸ್ಕಾರ,

ಇದನ್ನು ಅಮ್ಮನೇ ಓದಿ ಹೇಳುತ್ತಾಳೆ, ಗೊತ್ತು. ಅಮ್ಮಾ, ಉದ್ದ ಆಯಿತು ಅಂತ ನಡುವೆ ಹಾರಿಸಬೇಡ. ಊಟ ಆಗಿದೆ. ಚಳಿ ಜಾಸ್ತಿ. ಅಜ್ಜಿ ಹೆಣೆದ ಸ್ವೆಟರ್ ಹಾಕಿಕೊಂಡೇ ಕೂತಿದ್ದೇನೆ. ನೀವು ದಿನಾ ಕೇಳುವುದಕ್ಕೆಲ್ಲ ಉತ್ತರ ಆಯಿತಲ್ವಾ?

ಇವತ್ತು ಇಲ್ಲಿನ ಕ್ವೀನ್ಸ್ ಪಾರ್ಕಿಗೆ ಹೋಗಿದ್ದೆ. ನವೆಂಬರಿನ ಎರಡನೇ ಭಾನುವಾರ ಈ ದೇಶದಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುತ್ತಾರೆ. ಎಲ್ಲರ ಕೋಟಿನ ಮೇಲೂ ಕಾಗದದ ಕೆಂಪು ಹೂವು. ಪಾರ್ಕಿನಲ್ಲಿ ಎತ್ತರದ ಗಂಟೆ ಗೋಪುರ ಇದೆ, 1923ರಲ್ಲಿ ತೆರೆದದ್ದು. ಒಳಗೆ 47 ಗಂಟೆಗಳು. ಅವನ್ನು ಎರಕ ಹೊಯ್ದದ್ದು ಇದೇ ಊರಿನ ಟೇಲರ್ ಮನೆತನದ ಕಾರ್ಖಾನೆ. ಆ ಮನೆಯ ಮೂವರು ಅಣ್ಣತಮ್ಮಂದಿರು ಮೊದಲ ಮಹಾಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲ. ನಾಲ್ಕು ಟನ್ ದಾಟುವ ದೊಡ್ಡ ಗಂಟೆ ಅವರ ಹೆಸರಿನದು.

ಆದರೆ ಅಲ್ಲಿ ನಿಂತಾಗ ನನಗೆ ನೆನಪಾದದ್ದು ನೀನು ಅಜ್ಜಿ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಕೂತ ನಿನ್ನ ಆ ಫೋಟೊ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಾಲೇಜು ಯೂನಿವರ್ಸಿಟಿ ಆದದ್ದು 1966ರಲ್ಲಿ. ಮೊದಲು ಅದು ಊರ ನಡುವಿನ ಒಂದು ಸಣ್ಣ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, 1909ರದು. 1915ರಲ್ಲಿ ಹರ್ಬರ್ಟ್ ಸ್ಕೋಫೀಲ್ಡ್ ಎನ್ನುವವರು ಪ್ರಿನ್ಸಿಪಾಲ್ ಆಗಿ ಬಂದರು. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಅದೇ ವರ್ಷ ಫ್ರಾನ್ಸಿನಲ್ಲಿದ್ದ ಸೈನ್ಯಕ್ಕೆ ಫಿರಂಗಿ ಗುಂಡು ಸಾಲದೆ ದೊಡ್ಡ ರಂಪವಾಯಿತು. ಸರ್ಕಾರ ಮದ್ದುಗುಂಡಿಗೆಂದೇ ಬೇರೆ ಇಲಾಖೆ ಶುರು ಮಾಡಿತು. ಗುಂಡು ಮಾಡಲು ಲೇಥ್ ಬೇಕು, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಮೆಷಿನ್, ಲೇಥ್ ಮುಂದೆ ನಿಲ್ಲಲು ಕೈ ಬೇಕು. ಕೈಗಳೆಲ್ಲ ಬಂದೂಕು ಹಿಡಿದು ಹೋಗಿದ್ದವು. ಉಳಿದದ್ದು ಹೆಂಗಸರು.

ಸ್ಕೋಫೀಲ್ಡ್ ಕಾಲೇಜನ್ನೇ ಕಾರ್ಖಾನೆ ಮಾಡಿಬಿಟ್ಟರು. ಅಂದರೆ ಕಾರ್ಖಾನೆಗೆ ಜನ ತಯಾರು ಮಾಡುವ ಶಾಲೆಯಲ್ಲ, ನಿಜವಾದ ಕಾರ್ಖಾನೆ. ಕಲಿಯಲು ಬಂದವರು ಮೊದಲ ವಾರಗಳಿಂದಲೇ ಸೈನ್ಯಕ್ಕೆ ಹೋಗುವ ಸಾಮಾನನ್ನೇ ಮಾಡುತ್ತಿದ್ದರು. ನಾನು ನಮ್ಮ ಊರಿನಲ್ಲಿ ಮೊದಲ ವರ್ಷ ವರ್ಕ್‌ಶಾಪ್ ಪರೀಕ್ಷೆಗೆ ‘ವಿ’ ಫಿಟ್ಟಿಂಗ್ ಅಂತ, ಎರಡು ಕಬ್ಬಿಣದ ತುಂಡು ಒಂದಕ್ಕೊಂದು ಕೂರುವ ಹಾಗೆ, ಅರ ಹಿಡಿದು ಉಜ್ಜಿ ಉಜ್ಜಿ ಕೈಯೆಲ್ಲ ಬೊಬ್ಬೆ ಮಾಡಿಕೊಂಡಿದ್ದೆ, ನೀನೇ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಮಾರ್ಕ್ಸ್ ಬಂತು, ನಾನು ಮಾಡಿದ್ದು ಗುಜರಿಗೆ ಹೋಯಿತು. ಇಲ್ಲಿ ಹಾಗಾಗುವಂತಿರಲಿಲ್ಲ. ಮಾಡಿದ ತುಂಡು ಅಳತೆಯ ಗೇಜಿಗೆ ಕೂರದಿದ್ದರೆ ಫಿರಂಗಿಗೂ ಕೂರುವುದಿಲ್ಲ. ಅದಕ್ಕಿಂತ ದೊಡ್ಡ ಪರೀಕ್ಷಕ ಬೇಕಾ?

ಒಬ್ಬ ಫಿಟ್ಟರ್ ಏಳು ವರ್ಷ ಕಲಿಯುತ್ತಿದ್ದ ಕೆಲಸವನ್ನು ಯುದ್ಧದಲ್ಲಿ ತುಂಡು ತುಂಡು ಮಾಡಿದರು. ಒಬ್ಬಳಿಗೆ ಒಂದು ತುಂಡು. ನೀನು ದಿನವಿಡೀ ಒಂದೇ ಕೆಲಸ, ಪಕ್ಕದವಳು ಇನ್ನೊಂದೇ ಕೆಲಸ ಮಾಡುತ್ತಿದ್ದಿರಿ ಅಂತಿದ್ದೆಯಲ್ಲ, ಹಾಗೇ. ಬೇಗ ಕಲಿತರು. ಹಳೇ ಕೆಲಸಗಾರರ ಸಂಘಗಳಿಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ. ಯುದ್ಧ ಮುಗಿದ ಮೇಲೆ ಎಲ್ಲ ಮೊದಲಿನಂತೆ ಆಗಬೇಕು ಅಂತ ಸರ್ಕಾರದಿಂದ ಮಾತು ತೆಗೆದುಕೊಂಡೇ ಒಪ್ಪಿದ್ದರು. ಅವರದೂ ತಪ್ಪು ಅನ್ನಲಾರೆ. ಕಡಿಮೆ ಕೂಲಿಗೆ ಜನ ಸಿಕ್ಕರೆ ಮಾಲೀಕ ಏನು ಮಾಡುತ್ತಾನೆ, ಯೂನಿಯನ್ ಮೀಟಿಂಗಿಗೆ ತಪ್ಪದೆ ಹೋಗುತ್ತಿದ್ದ ನಿನಗೆ ನಾನು ಹೇಳಬೇಕಾ?

ಯುದ್ಧ ದೂರದಲ್ಲೇ ಇರಲಿಲ್ಲ. 1916ರ ಜನವರಿ 31ರ ರಾತ್ರಿ ಜರ್ಮನಿಯ ಜೆಪ್ಪೆಲಿನ್ ಬಂತು. ಸೌತೆಕಾಯಿ ಆಕಾರದ ದೊಡ್ಡ ಬಲೂನು ಅಂದುಕೋ, ಹೊಟ್ಟೆ ತುಂಬ ಬಾಂಬು. ಇಷ್ಟು ಒಳನಾಡಿನವರೆಗೆ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ, ಊರಿನ ದೀಪಗಳೆಲ್ಲ ಉರಿಯುತ್ತಿದ್ದವು. ನಾಲ್ಕು ಬಾಂಬು, ಹತ್ತು ಜನ ಸತ್ತರು. ಒಂದು ಬಾಂಬು ಬಿದ್ದದ್ದು ರಶಸ್ ಎನ್ನುವ ಬೀದಿಯಲ್ಲಿ. ಈರುಳ್ಳಿ, ಟೊಮೆಟೊ ತರಲು ನಾನು ಹೋಗುವ ದಾರಿ ಅದೇ. ಗಾಬರಿ ಬೇಡ, ಅದು ನೂರು ವರ್ಷದ ಹಿಂದಿನ ಮಾತು.

1918ರಲ್ಲಿ ಯುದ್ಧ ಮುಗಿಯಿತು. ಮರುವರ್ಷವೇ ಸರ್ಕಾರ ಮಾತು ಉಳಿಸಿಕೊಂಡು ಕಾನೂನು ಮಾಡಿತು, ಯುದ್ಧಕ್ಕೆ ಮುಂಚೆ ಹೇಗಿತ್ತೋ ಹಾಗೆ ಅಂತ. ಬೇರೆ ಯಾವ ಮಾತನ್ನೂ ಇಷ್ಟು ಬೇಗ ಉಳಿಸಿಕೊಂಡಿರಲಾರರು! ಲೇಥ್ ಬಿಟ್ಟು ಮನೆಗೆ ನಡೆಯಿರಿ ಎಂದಂತಾಯಿತು. ಕಾಲೇಜಿಗೆ ಸೈನ್ಯದಿಂದ ಬಿಡುಗಡೆಯಾದ ಹುಡುಗರು ಬಂದು ತುಂಬಿಕೊಂಡರು. ನಿಜವಾದ ಸಾಮಾನು ಮಾಡುತ್ತಲೇ ಕಲಿಸುವ ಪದ್ಧತಿಯನ್ನು ಸ್ಕೋಫೀಲ್ಡ್ ಬಿಡಲಿಲ್ಲ. ಆ ಪದ್ಧತಿ ಹುಟ್ಟಿದ್ದು ಹೆಂಗಸರ ಕೈಯಲ್ಲಿ, ಅದರ ಲಾಭ ಉಂಡವರು ಗಂಡಸರು. ನನಗೆ ಇದೇ ಉರಿಯುವುದು.

ಆದರೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. 1919ರಲ್ಲಿ ನೂರಾರು ಹುಡುಗರ ನಡುವೆ ಮೂವರು ಹುಡುಗಿಯರು ಇಲ್ಲಿ ಎಂಜಿನಿಯರಿಂಗ್ ಸೇರಿದರು. ಒಬ್ಬಳು ವೆರೀನಾ ಹೋಮ್ಸ್. ಯುದ್ಧದಲ್ಲಿ ವಿಮಾನದ ಮರದ ಪ್ರೊಪೆಲರ್ ಮಾಡುತ್ತಿದ್ದವಳು. 1922ರಲ್ಲಿ ಡಿಗ್ರಿ ಮುಗಿಸಿ ಮುಂದೆ ರೈಲು ಎಂಜಿನ್ನಿಗೆ ವಾಲ್ವ್ ವಿನ್ಯಾಸ ಮಾಡಿದಳು. ಇನ್ನೊಬ್ಬಳು ಕ್ಲಾಡಿಯಾ ಪಾರ್ಸನ್ಸ್, 1938ರಲ್ಲಿ ಕಾರಿನಲ್ಲಿ ಭೂಮಿ ಸುತ್ತಿದವಳು. ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ಹಾಸ್ಟೆಲಿಗೆ ಅವಳ ಹೆಸರಿದೆ. ದಿನಾ ಅದರ ಮುಂದೆ ಓಡಾಡಿದರೂ ಯಾವುದೋ ದಾನಿಯ ಹೆಸರು ಅಂದುಕೊಂಡಿದ್ದೆ.

ನಿನಗೆ ಜಾಸ್ತಿ ಇಷ್ಟವಾಗುವವಳು ಆನೆಟ್ ಆಶ್‌ಬೆರಿ. ನಮಗೆ ಯಾರೂ ಕೆಲಸ ಕೊಡುವುದಿಲ್ಲವಾ, ಸರಿ, ನಾವೇ ಕಾರ್ಖಾನೆ ತೆರೆಯುತ್ತೇವೆ ಅಂತ ಹೊರಟವಳು. ಈ ಊರಿನಲ್ಲೇ ಅಟಲಾಂಟಾ ಅಂತ ಶುರು ಮಾಡಿದಳು. ಹೆಂಗಸರದೇ ಕಂಪನಿ, ಮೆಷಿನ್ ಮುಂದೆಯೂ ಹೆಂಗಸರೇ. ಕೆಲವು ವರ್ಷ ನಡೆದು, ಲಂಡನ್ನಿಗೆ ಹೋಗಿ, ಆಮೇಲೆ ಮುಚ್ಚಿತು.

ನಮ್ಮ ಬ್ಯಾಚಿನ ವರ್ಕ್‌ಶಾಪಿನಲ್ಲಿ ಈಗಲೂ ಹುಡುಗಿಯರು ನಾಲ್ಕೇ ಜನ. ಮೊನ್ನೆ ಲೇಥಿನ ಹಿಡಿ, ಚಕ್, ಬಿಗಿ ಮಾಡುವಾಗ ಒಬ್ಬ ಹುಡುಗ ಬಂದು ‘ಹೆಲ್ಪ್ ಬೇಕಾ’ ಅಂದ. ಬೇಡ ಅಂದೆ. ಸುಮ್ನೆ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ, ಪಾಪ. ಮೈಕ್ರೋಮೀಟರ್ ಓದುವುದನ್ನು ಅವನಿಗೆ ನಾನೇ ಹೇಳಿಕೊಟ್ಟೆ. ನನಗೆ ಹೇಳಿಕೊಟ್ಟವಳು ನೀನು, ನಮ್ಮ ಅಡುಗೆಮನೆ ಕಟ್ಟೆ ಮೇಲೆ, ಚಪಾತಿ ಎಷ್ಟು ದಪ್ಪ ಅಂತ ಅಳೆಸಿ!

ಅಜ್ಜಿ, ಒಂದು ಕೇಳುವುದಿತ್ತು. ನೀನು ಫ್ಯಾಕ್ಟರಿಗೆ ಹೋದ ಮೊದಲ ದಿನದ ಕತೆ ನನಗೆ ಸರಿಯಾಗಿ ಗೊತ್ತಿಲ್ಲ. ಸ್ಕ್ರೂ ಬೀಳಿಸಿ ಅತ್ತದ್ದು ಮಾತ್ರ ಗೊತ್ತು, ಅದನ್ನೂ ತಾತ ನಗುತ್ತಾ ಹೇಳಿದ್ದು. ನೀನು ಯಾವತ್ತೂ ಹೇಳಲಿಲ್ಲ. ಅಮ್ಮಾ, ಅಜ್ಜಿ ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ನಡುವೆ ಬಾಯಿ ಹಾಕಬೇಡ. ಹಾಗೇ ಪಾರ್ಸಲ್ ಕಳಿಸುವಾಗ ಮೆಂತ್ಯದ ಹಿಟ್ಟಿನ ಜೊತೆ ಆ ಐಗ್ಲಾಸನ್ನೂ ಇಡು. ಬೀರುವಿನ ಎಡಗಡೆ ಡ್ರಾಯರಿನಲ್ಲಿ, ಪೌಡರ್ ಡಬ್ಬಿಯೊಳಗೆ ಇದೆ.

ನಿನ್ನ ಮೊಮ್ಮಗಳು