ಟಿಬಿ ಚಿಕಿತ್ಸೆ ಮುಗಿಯಿತು, ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್

ಹೋದ ವಾರ ನನ್ನ ಟಿಬಿ ಚಿಕಿತ್ಸೆ ಮುಗಿಯಿತು. ಕಫದ ಪರೀಕ್ಷೆ ನೆಗೆಟಿವ್ ಬಂದಿದೆ. ನಾನು ಬಸ್ ಕಂಡಕ್ಟರ್ ಅಂತ ಊರಿಗೆಲ್ಲ ಗೊತ್ತು. ಬಸ್ಸಿನಲ್ಲಿ ಯಾಕೆ ಕಾಣಿಸುತ್ತಿರಲಿಲ್ಲ ಅಂತ ಕೆಲವರಿಗಷ್ಟೇ ಗೊತ್ತು. ಕೇಳಿದವರಿಗೆಲ್ಲ ಮನೆಯವರು "ಜ್ವರ, ರೆಸ್ಟು" ಅಂತಲೇ ಹೇಳುತ್ತಿದ್ದರು. ಈಗ ನಾನೇ ಹೇಳುತ್ತಿದ್ದೇನೆ, ಟಿಬಿ.

ಮೊದಲ ಥ್ಯಾಂಕ್ಸ್ ನಮ್ಮ ಆಶಾ ಅಕ್ಕನಿಗೆ. ಮಾತ್ರೆ ಕೊಟ್ಟ ದಿನವೇ, "ಮೂತ್ರ ಕೆಂಪಗೆ ಬರುತ್ತೆ, ಹೆದರ್ಕೋಬೇಡ, ಅದು ಮಾತ್ರೆ ಬಣ್ಣ" ಎಂದಿದ್ದರು. ಹೇಳದಿದ್ದರೆ ರಕ್ತ ಅಂದುಕೊಂಡು ರಾತ್ರಿಯೆಲ್ಲ ಒದ್ದಾಡುತ್ತಿದ್ದೆ. ಮೂರನೇ ತಿಂಗಳಿಗೆ ಕೆಮ್ಮು ಹೋಗಿತ್ತು, ಹಸಿವು ಬಂದಿತ್ತು. ಇನ್ನೂ ಯಾಕಕ್ಕ ಮಾತ್ರೆ ಅಂದೆ. "ಹುಷಾರಾಯ್ತು ಅಂತ ನಿನಗೆ ಅನ್ನಿಸಿದ್ರೆ ಸಾಕಾ? ರೋಗಕ್ಕೂ ಅನ್ನಿಸ್ಬೇಕಲ್ಲಪ್ಪ" ಅಂದರು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಅವಿತುಕೊಂಡ ಕ್ರಿಮಿ ಸಾಯೋದಕ್ಕೆ ಆ ಉಳಿದ ತಿಂಗಳುಗಳು ಬೇಕು. ನಡುವೆ ಬಿಟ್ಟರೆ ಅವು ಇದೇ ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗಬಹುದು. ಇಷ್ಟನ್ನೂ ನಮ್ಮ ಜಗಲಿ ಮೇಲೆ ಕೂತು, ಬೇಜಾರಿಲ್ಲದೆ ಹೇಳಿದರು.

ನನ್ನ ಹೆಂಡತಿಗೆ ಏನು ಹೇಳಲಿ? ತಟ್ಟೆ ಲೋಟ ಬೇರೆ ಇಡಿ ಅಂತ ನೆಂಟರೊಬ್ಬರು ಹೇಳಿ ಹೋದರು. ಅವಳು ಇಡಲಿಲ್ಲ. ಟಿಬಿ ಹರಡೋದು ಗಾಳಿಯಿಂದ, ತಟ್ಟೆಯಿಂದಲ್ಲ ಅಂತ ಆಸ್ಪತ್ರೆಯಲ್ಲಿ ಕೇಳಿಕೊಂಡು ಬಂದಿದ್ದಳು. ಕಿಟಕಿ ಮಾತ್ರ ಮುಚ್ಚಲು ಬಿಡುತ್ತಿರಲಿಲ್ಲ. ಶುರುವಿನ ವಾರಗಳಲ್ಲಿ ಮಾಸ್ಕ್ ಇಲ್ಲದೆ ಮಗಳ ಹತ್ತಿರ ಹೋಗಲೂ ಬಿಡಲಿಲ್ಲ. ಮಗಳಿಗೂ ಪರೀಕ್ಷೆ ಮಾಡಿಸಿ, ರೋಗ ಬರದ ಹಾಗೆ ತಡೆಯುವ ಮಾತ್ರೆ ಕೊಡಿಸಿದಳು. ಕೆಲವರು ಮನೆಗೆ ಬರೋದನ್ನೇ ಬಿಟ್ಟರು. ಅವರಿಗೂ ಥ್ಯಾಂಕ್ಸ್ ಹೇಳುವಷ್ಟು ದೊಡ್ಡವನಲ್ಲ ನಾನು.

ಡಾಕ್ಟರಮ್ಮ ಪ್ರತಿ ಸಲವೂ ಮೊದಲು ತೂಕ ನೋಡುತ್ತಿದ್ದರು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನದ ವಿಷಯ ಡಾಕ್ಟರಮ್ಮನೇ ಹೇಳಿದ್ದು. 2023ರಲ್ಲಿ ಪ್ರಕಟವಾಗಿದೆ. ರೋಗಿಗಳ ಮನೆಗೆ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಕೊಟ್ಟರು. ಮನೆಯ ಉಳಿದವರಿಗೆ ಟಿಬಿ ಬರೋದು ಕಡಿಮೆಯಾಯಿತು. ಶುರುವಿನಲ್ಲೇ ತೂಕ ಏರಿದ ರೋಗಿಗಳಲ್ಲಿ ಸಾವೂ ಕಡಿಮೆ ಇತ್ತು. ಇದನ್ನು ಕೇಳಿದ ಮೇಲೆ ಊಟ ನನಗೆ ಡ್ಯೂಟಿ ಆಯಿತು. ವಾಕರಿಕೆ ಬಂದರೂ ರಾಗಿ ಗಂಜಿ, ಮೊಟ್ಟೆ, ಶೇಂಗಾ. ಸರ್ಕಾರದಿಂದ ತಿಂಗಳಿಗೆ 1000 ರೂಪಾಯಿ ಪೋಷಣೆ ಹಣ ಬರುತ್ತದೆ, ಮೊಟ್ಟೆಯ ಖರ್ಚು ಅದರಲ್ಲೇ ಹೋಯಿತು. ಪಕ್ಕದ ಮನೆ ಅಜ್ಜಿ ಹುರುಳಿಕಾಳಿನ ಸಾರು ಕಳಿಸುತ್ತಿದ್ದರು, ಕೇಳದೇನೆ.

ಮನಸ್ಸಿನ ಕಷ್ಟ ಬೇರೆಯೇ ಇತ್ತು. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಮಧ್ಯಾಹ್ನ ಕಳೆಯೋದೇ ಕಷ್ಟ. ಸುಮ್ನೆ ಮಲಗಿದರೆ ಸೋಮಾರಿ ಅನ್ನಿಸುತ್ತಿತ್ತು. ಮಲಗೋದೂ ಔಷಧಿಯೇ ಅಂತ ಒಪ್ಪಿಕೊಳ್ಳೋಕೆ ಬಹಳ ದಿನ ಹಿಡಿಯಿತು. ಆರು ತಿಂಗಳು ಅಂದುಕೊಂಡರೆ ಎದೆ ಒಡೆಯುತ್ತಿತ್ತು. ಹಾಗಾಗಿ ಬಸ್ಸಿನಲ್ಲಿ ಸ್ಟೇಜ್ ಲೆಕ್ಕ ಹಾಕೋ ಹಾಗೆ, ಮುಂದಿನ ಸಲ ತೂಕ ನೋಡುವವರೆಗೆ ಮಾತ್ರ ಯೋಚಿಸುತ್ತಿದ್ದೆ. ನನ್ನ ಜೊತೆ ಡ್ಯೂಟಿ ಮಾಡುವ ಡ್ರೈವರ್ ಅಣ್ಣ ಟ್ರಿಪ್ ಮುಗಿಸಿ ಫೋನ್ ಮಾಡುತ್ತಿದ್ದ. ಹೇಗಿದ್ದೀಯ ಅಂತ ಕೇಳುತ್ತಲೇ ಇರಲಿಲ್ಲ. ಚಿಲ್ಲರೆಗೆ ಯಾರು ಜಗಳ ಆಡಿದರು, ಶಕ್ತಿ ಟಿಕೆಟ್‌ಗೆ ಆಧಾರ್ ಹುಡುಕುತ್ತಾ ಯಾವ ಅಜ್ಜಿ ಇಡೀ ಚೀಲ ಸೀಟಿನ ಮೇಲೆ ಸುರಿದರು, ಬರೀ ಇದೇ. ನಾನು ನಕ್ಕಿದ್ದು ಜಾಸ್ತಿ ಆ ಫೋನಿನಲ್ಲೇ. ಅಣ್ಣ, ನಿನ್ನ ಋಣ ತೀರಿಸೋಕಾಗಲ್ಲ, ಟೀ ಮಾತ್ರ ಕೊಡಿಸಬಲ್ಲೆ.

ಕೆಮ್ಮು ನಿಂತ ಮೇಲೂ ಸುಸ್ತು ಇತ್ತು. ಆಗ ಡಿಪೊದವರು ಒಳಗಿನ ಕೆಲಸ ಕೊಟ್ಟು ಸಂಭಾಳಿಸಿದರು. ಅವರಿಗೂ ಥ್ಯಾಂಕ್ಸ್. ಇಲ್ಲಿ ಬಿಟ್ಟುಹೋದವರು ಬೇಜಾರು ಮಾಡ್ಕೋಬೇಡಿ.

ಎರಡು ವಾರ ದಾಟಿದ ಕೆಮ್ಮು ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಕ್ಷಯ್ ಸಹಾಯವಾಣಿ 1800-11-6666. ಹೇಳಿಕೊಳ್ಳೋಕೆ ಸಂಕೋಚ ಅನ್ನಿಸಿದರೆ ನನಗೆ ಫೋನ್ ಮಾಡಿ. ಸೋಮವಾರದಿಂದ ಮತ್ತೆ ಬಸ್ಸಿನಲ್ಲಿ ಸಿಗುತ್ತೇನೆ, ಚಿಲ್ಲರೆ ಇಟ್ಟುಕೊಂಡು ಬನ್ನಿ.