ಮಂಡಿ ಸವೆದಿದೆ ಅಂದ ಗೆಳೆಯನಿಗೆ

ಪ್ರಿಯ ಶ್ರೀಪಾದ,

ನಿನ್ನ ಮಗ ಕಳಿಸಿದ ಎಕ್ಸ್‌ರೇ ನೋಡಿದೆ. ಗ್ರೇಡ್ 3 ಅಂತೆ, ಸವೆದು ಹೋಗಿದೆಯಂತೆ, ಇನ್ನು ತೋಟಕ್ಕೆ ಇಳಿಯೋ ಹಾಗಿಲ್ಲವಂತೆ. ಮೊನ್ನೆ ನಿನ್ನ ದನಿ ಕೇಳಿದರೆ ಪಹಣಿಯಿಂದಲೇ ಹೆಸರು ತೆಗೆದುಹಾಕಿದ ಹಾಗಿತ್ತು. ಫೋನಿನಲ್ಲಿ ನೀನು ಯಾರ ಮಾತನ್ನೂ ಪೂರ್ತಿ ಕೇಳುವ ಗಿರಾಕಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಹಾಕಿದ್ದೇನೆ, ಯಾಕೆಂದರೆ ನಮ್ಮ ಹಾಸ್ಟೆಲ್ ಬ್ಯಾಚಿನಲ್ಲಿ ಈಗ ಮಂಡಿನೋವು ಇಲ್ಲದವರನ್ನು ಹುಡುಕಬೇಕು.

ಮೊದಲು ಆ ಗ್ರೇಡಿನ ವಿಷಯ. ಸೊನ್ನೆಯಿಂದ ನಾಲ್ಕರವರೆಗಿನ ಆ ಲೆಕ್ಕವನ್ನು 1957ರಲ್ಲಿ ಕೆಲ್‌ಗ್ರೆನ್, ಲಾರೆನ್ಸ್ ಎಂಬ ಇಬ್ಬರು ವೈದ್ಯರು ಹಾಕಿಕೊಟ್ಟರು. ಎಲುಬುಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ, ಅಂಚಿನಲ್ಲಿ ಎಲುಬು ಎಷ್ಟು ಬೆಳೆದಿದೆ ಎಂದು ಚಿತ್ರ ನೋಡಿ ಕೊಡುವ ಅಂಕ ಅದು. ನೋವಿಗೆ ಕೊಟ್ಟ ಅಂಕವಲ್ಲ. ಗ್ರೇಡ್ 4 ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ, ಗ್ರೇಡ್ 2ಕ್ಕೇ ಮೆಟ್ಟಿಲು ಕಂಡರೆ ಬೆವರುವವರೂ ಇದ್ದಾರೆ. ನನ್ನ ಎಡಮಂಡಿಯದೂ ನಿನ್ನದೇ ಗ್ರೇಡು ಮಾರಾಯ. ದಿನಾ ಸಂಜೆ ಕೆರೆ ಏರಿ ಮೇಲೆ ನಡೆಯುತ್ತೇನೆ.

ಸವೆದಿದೆ ಅಂದ ಮೇಲೆ ಕಾಲಿಗೆ ಕೆಲಸ ಕೊಡಬಾರದು ಅನ್ನೋದು ನಿನ್ನ ವಾದ. ನನ್ನ ತಕರಾರು ಇರೋದೇ ಅಲ್ಲಿ. ಎಲುಬಿನ ತುದಿಗೆ ಮುಚ್ಚಿಕೊಂಡಿರುವ ಮೃದ್ವಸ್ಥಿಗೆ ರಕ್ತನಾಳವಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ತೆಗೆದಾಗ ಹೀರಿಕೊಂಡು ಅದು ಬದುಕಬೇಕು. ಅಲುಗದೆ ಕೂತರೆ ಆ ಊಟವೂ ಸರಿಯಾಗಿ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ತೊಡೆಯ ಮುಂಭಾಗದ ಸ್ನಾಯುವಿನದು. ಮಂಡಿಗೆ ಬೀಳುವ ಪೆಟ್ಟನ್ನು ತಾನು ತಡೆದುಕೊಳ್ಳುವುದು ಅದೇ. ಕೆಲಸ ನಿಂತ ಕೆಲವೇ ವಾರಗಳಲ್ಲಿ ಅದು ಸೊರಗುತ್ತದೆ, ಆಮೇಲೆ ಪೆಟ್ಟೆಲ್ಲ ಕೀಲಿಗೇ. ನೋವು ಹೆಚ್ಚಿತು ಅಂತ ಇನ್ನಷ್ಟು ಕೂರುತ್ತೀಯ.

ನನ್ನ ಫಿಸಿಯೋಥೆರಪಿಸ್ಟ್ ಹುಡುಗಿ ಕಲಿಸಿದ್ದನ್ನು ಹೇಳುತ್ತೇನೆ, ನಿನ್ನ ಜಗಲಿಯಲ್ಲೇ ಮಾಡಬಹುದು. ಕಾಲು ಚಾಚಿ ಮಲಗು. ಟವೆಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಡು. ಮಂಡಿಯ ಹಿಂಭಾಗದಿಂದ ಟವೆಲನ್ನು ನೆಲಕ್ಕೆ ಒತ್ತು. ತೊಡೆ ಮೇಲೆ ಕೈಯಿಟ್ಟು ನೋಡು: ಸ್ನಾಯು ಗಟ್ಟಿಯಾಗಿ, ಮಂಡಿಚಿಪ್ಪು ತುಸು ಮೇಲಕ್ಕೆ ಸರಿಯಬೇಕು. ಐದು ಎಣಿಸಿ ಬಿಡು, ಹತ್ತು ಸಲ. ಅದು ಸುಲಭವಾದ ಮೇಲೆ ಒಂದು ಕಾಲು ಮಡಿಸಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತಿ ಹಿಡಿ. ಕೊನೆಗೆ ಕುರ್ಚಿ. ಕೈ ಊರದೆ ಏಳಬೇಕು, ಕೂರುವಾಗ ಮಾತ್ರ ಧೊಪ್ಪನೆ ಬೀಳಬಾರದು. ನಿಧಾನವಾಗಿ ಇಳಿಯುವುದರಲ್ಲೇ ತೊಡೆಗೆ ಕೆಲಸ. ಕಷ್ಟವಾದರೆ ದಿಂಬು ಹಾಕಿ ಎತ್ತರ ಮಾಡಿಕೋ. ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡ. ಮಾರನೇ ಬೆಳಿಗ್ಗೆ ನೋವು, ಬಾವು ಮೊದಲಿಗಿಂತ ಹೆಚ್ಚಿದ್ದರೆ ಕಡಿಮೆ ಮಾಡು, ಬಿಡಬೇಡ. ಗುಣ ಕಾಣಲು ಒಂದೂವರೆ ಎರಡು ತಿಂಗಳಾದರೂ ಬೇಕು. ವಾರಕ್ಕೇ ಕೈಬಿಡುವ ನಿನ್ನ ಚಾಳಿ ನನಗೆ ಗೊತ್ತು.

ತೂಕದ ಮಾತೆತ್ತಿದರೆ ಸಿಟ್ಟು ಬರುತ್ತದೆ, ಆದರೂ ಕೇಳು. 2005ರಲ್ಲಿ ಅಮೆರಿಕದಲ್ಲಿ ಮಂಡಿನೋವಿದ್ದ ದಪ್ಪ ಮೈಯವರ ನಡಿಗೆಯನ್ನು ಅಳೆದು ನೋಡಿದರು. ಮೈತೂಕ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತದೆ. ನೀನು 5 ಕೆಜಿ ಇಳಿದರೆ ಎಷ್ಟಾಯಿತು ಅಂತ ಲೆಕ್ಕ ಹಾಕು, ಅಡಿಕೆ ತೂಗಿಸುವಾಗ ಗ್ರಾಂ ಬಿಡುವವನಲ್ಲವಲ್ಲ ನೀನು.

ಮನೆಯಲ್ಲಿ ಬದಲಿಸಬೇಕಾದದ್ದು ನೆಲಕ್ಕೆ ಕೂರುವ ಕೆಲಸಗಳನ್ನು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ರಾತ್ರಿಯೆಲ್ಲ ಮಂಡಿ ಮಡಿಸಿ ಕೂರುವುದು ಬೇಡ. ಸುಲಿಯುವುದು ಬೇರೆಯವರಿಗಿರಲಿ, ನೀನು ಬೆಂಚಿನ ಮೇಲೆ ಕೂತು ಅಡಿಕೆ ಆರಿಸು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕು. ಕಮೋಡ್ ಹಾಕಿಸು. ಪಂಕ್ತಿ ಊಟದಲ್ಲಿ ಟೇಬಲಿಗೆ ಹೋಗಲು ನಾಚಿಕೆ ಯಾಕೆ? ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ದೊಣ್ಣೆ ಹಿಡಿಯುವುದು ನೋವಿಲ್ಲದ ಕಡೆಯ ಕೈಯಲ್ಲಿ; ಬಹಳ ಜನ ಉಲ್ಟಾ ಹಿಡಿಯುತ್ತಾರೆ. ಮಳೆಗಾಲದಲ್ಲಿ ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟುವಾಗಲಂತೂ ಅದು ಕೈಯಲ್ಲಿರಲಿ.

ಔಷಧಿಗೆ ಬಂದರೆ, ನೋವು ತಗ್ಗಿಸುವ ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡು. ಅದೇ ಜಾತಿಯ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ನೀನಾಗಿಯೇ ತಂದು ನುಂಗಬೇಡ, ನಿನಗೆ ಬಿಪಿ ಬೇರೆ ಇದೆ. ಹೊಟ್ಟೆ, ಕಿಡ್ನಿ ಎರಡಕ್ಕೂ ಅಪಾಯ. ಸಂತೆಯಲ್ಲಿ ಹೆಸರಿಲ್ಲದ ಪುಡಿ ಮಾರುತ್ತಾರಲ್ಲ, ತಿಂದ ಮೂರೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೋ ಅಂತ ಅನುಮಾನಿಸು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಅಪರೂಪಕ್ಕೆ ಸರಿ, ಅಭ್ಯಾಸವಾಗಬಾರದು. 2017ರಲ್ಲಿ ಬಂದ ಅಧ್ಯಯನವೊಂದರಲ್ಲಿ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಅದನ್ನು ಹಾಕಿಸಿಕೊಂಡವರಿಗೆ, ಬರೀ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಮೃದ್ವಸ್ಥಿ ಹೆಚ್ಚು ತೆಳುವಾಗಿತ್ತು. ನೋವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ನಿನ್ನ ಭಾವ ಹೇಳಿದ, ಸಣ್ಣ ತೂತು ಮಾಡಿ ಮಂಡಿ ತೊಳೆಸುವ ಚಿಕಿತ್ಸೆಯೂ ಅಷ್ಟೇ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಜನರ ಮೇಲೆ ಅದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಹೋಲಿಸಿ ನೋಡಲೆಂದು ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿ ಕಳಿಸಿದ್ದರು. ತೊಳೆಸಿಕೊಂಡವರು ಅವರಿಗಿಂತ ಚೆನ್ನಾಗೇನೂ ಇರಲಿಲ್ಲ.

ಹಾಗಂತ ಕೀಲು ಬದಲಿಸುವ ಆಪರೇಷನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಬಾರದೆ, ಮನೆಯೊಳಗಿನ ಓಡಾಟವೇ ಕಷ್ಟವಾದರೆ ಮಾಡಿಸಿಕೋ. ಗಟ್ಟಿ ತೊಡೆ ಆಗಲೂ ಉಪಯೋಗಕ್ಕೆ ಬರುತ್ತದೆ. ಮಂಡಿ ಒಮ್ಮೆಲೇ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಮಾತ್ರ ಕಾಯಬೇಡ, ಅದು ಸೋಂಕಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗು.

ಅತ್ತಿಗೆಗೆ ನಮಸ್ಕಾರ ಹೇಳು. ಇನ್ನು ಮೇಲೆ ಎಕ್ಸ್‌ರೇ ಕಳಿಸಬೇಡ. ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದೆ ಅಂತ ವಾರಕ್ಕೊಮ್ಮೆ ಮೆಸೇಜ್ ಹಾಕು, ಸುಳ್ಳು ಹೇಳಿದರೆ ಅತ್ತಿಗೆಯನ್ನೇ ಕೇಳುತ್ತೇನೆ.

ನಿನ್ನ,
ರಾಘು