ಸ್ಪಾರ್ಕ್‌ಸ್ಟೇಷನ್‌ನಲ್ಲಿ ಅಜ್ಜಿಯ ದನಿ

ಮೊನ್ನೆ ಭಾನುವಾರ ಸಂಜೆ, ಮೈಸೂರಿನ ಸೋದರಮಾವನ ಮನೆಯಲ್ಲಿ ಅವರ ಹಳೆಯ ಸನ್ ಕಂಪನಿಯ ಕಂಪ್ಯೂಟರ್ ಸ್ಪಾರ್ಕ್‌ಸ್ಟೇಷನ್ 5 ಅಜ್ಜಿಯ ಸೋಬಾನೆ ಪದ ಹಾಡಿತು. ಏಳು ತಿಂಗಳಿಂದ ಇದರ ಹಿಂದೆ ಬಿದ್ದಿದ್ದೆ. ನಾನೊಬ್ಬನೇ ಆಗಿದ್ದರೆ ಖಂಡಿತ ಆಗುತ್ತಿರಲಿಲ್ಲ. ಅದಕ್ಕೇ ಈ ಬರಹ.

ಅಜ್ಜಿಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿ, ಕೇಳೋದಕ್ಕೆ ಅಂತ ಲಿನಕ್ಸ್‌ನಲ್ಲಿ ಸಣ್ಣದೊಂದು ಪ್ಲೇಯರ್ ಬರೆದುಕೊಂಡಿದ್ದೆ. ಮಾವ ಅದನ್ನು ನೋಡಿ, "ನನ್ನ ಮಿಷನ್‌ನಲ್ಲೂ ಹಾಡುತ್ತೇನೋ ಇದು?" ಅಂದರು. ಅವರು ಕೆಲಸ ಕಲಿತದ್ದೇ ಸನ್ ಮಿಷನ್ ಮೇಲೆ. ಹಾಡಿರುವುದು ಅವರ ಅಮ್ಮ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಣ್ಣನಿಗೆ ಮೊದಲ ಥ್ಯಾಂಕ್ಸ್. ಈ ಮಿಷನ್ನಿನ ಮಾನಿಟರ್ ಕನೆಕ್ಟರ್ 13ಡಬ್ಲ್ಯು3. ಅದಕ್ಕೆ ಅಡಾಪ್ಟರ್ ಕೇಳಿದರೆ ಬೇರೆಯವರು ತಲೆ ಅಲ್ಲಾಡಿಸಿ ಕಳಿಸುತ್ತಿದ್ದರು. ಇವರು ಮೂರು ಡಬ್ಬ ನೆಲಕ್ಕೆ ಸುರಿದು ಹುಡುಕಿ ಕೊಟ್ಟರು. ಈ ಮಿಷನ್ ನಡೆಸುವ ಹಳೆಯ ಸೋಲಾರಿಸ್ ಆಪರೇಟಿಂಗ್ ಸಿಸ್ಟಮ್‌ಗೆ, ಕೋಡನ್ನು ಮಿಷನ್ ಭಾಷೆಗೆ ಬದಲಿಸುವ ಜಿಸಿಸಿ ಕಂಪೈಲರ್ ಸಿದ್ಧಮಾಡಿ ಇಟ್ಟಿರುವ, ಮುಖ ನೋಡದ ಗೆಳೆಯರಿಗೂ ಕೈ ಮುಗಿಯುತ್ತೇನೆ.

ಕೋಡ್ ಕಂಪೈಲ್ ಆಯಿತು. ಓಡಿಸಿದರೆ ಬರೀ ಭೋರ್ಗರೆತ. ತಗಡಿನ ಮೇಲೆ ಜೋರು ಮಳೆ ಸುರಿದ ಹಾಗೆ. ಎರಡು ವಾರ ಸೌಂಡ್ ಡ್ರೈವರ್ ಸೆಟ್ಟಿಂಗ್‌ಗಳನ್ನೇ ನೋಡಿದೆ. 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ. ಎಲ್ಲಾ ಸರಿ ಇತ್ತು. ಕೊನೆಗೆ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುವ ಗೆಳೆಯನಿಗೆ ಫೋನ್ ಮಾಡಿ, ಫೋನನ್ನು ಸ್ಪೀಕರ್ ಹತ್ತಿರ ಹಿಡಿದೆ. ಅವನಿಗೆ ಪ್ರೋಗ್ರಾಮಿಂಗ್ ಬರಲ್ಲ. ಸುಮ್ನೆ ಕೇಳಿಸಿಕೊಂಡ. "ನಡುವೆ ಎರಡು ಸೆಕೆಂಡ್ ಪೂರ್ತಿ ನಿಲ್ಲುತ್ತಲ್ಲ, ಏನದು?" ಅಂದ. ಒಂದು ಪದ ಮುಗಿದು ಇನ್ನೊಂದು ಶುರುವಾಗುವ ಮೊದಲು ನಾನೇ ಸೇರಿಸಿದ್ದ ಖಾಲಿ ಜಾಗ ಅದು. ಬರೀ ಸೊನ್ನೆಗಳು. "ಹಾಗಾದ್ರೆ ಸ್ಪೀಡು ಸರಿಯಾಗೇ ಇದೆ ಕಣೋ. ಒಳಗೇ ಏನೋ ತಿರುಗುಮುರುಗಾಗಿದೆ."

ಆಗ ಹೊಳೆಯಿತು. ಹಾಡು ಇಟ್ಟಿದ್ದ ನನ್ನ ವೇವ್ ಫೈಲಿನಲ್ಲಿ ಪ್ರತಿ ಸ್ಯಾಂಪಲ್, ಅಂದರೆ ಸದ್ದಿನ ಒಂದೊಂದು ಅಳತೆ, ಎರಡು ಬೈಟ್. ಚಿಕ್ಕ ಬೆಲೆಯ ಬೈಟ್ ಮೊದಲು ಕೂರುತ್ತದೆ. ನನ್ನ ಲಿನಕ್ಸ್ ಕಂಪ್ಯೂಟರಿನ ಇಂಟೆಲ್ ಪ್ರೊಸೆಸರ್ ಓದುವುದೂ ಹಾಗೇ. ಮಾವನ ಮಿಷನ್ನಿನ ಸ್ಪಾರ್ಕ್ ಪ್ರೊಸೆಸರ್ ಓದುವಾಗ ದೊಡ್ಡ ಬೆಲೆಯದ್ದು ಮೊದಲು. 1 ಇದ್ದದ್ದು ಅದಕ್ಕೆ 256 ಆಗಿ ಕಾಣುತ್ತದೆ. ಕ್ಯಾಸೆಟ್ಟಿನ ಸಣ್ಣ ಸುಯ್ ಸದ್ದೂ ಗುಡುಗಾಗಿತ್ತು. ಸೊನ್ನೆಯನ್ನು ಹೇಗೆ ತಿರುಗಿಸಿದರೂ ಸೊನ್ನೆಯೇ ಅಲ್ವಾ? ಅದಕ್ಕೇ ಅಲ್ಲಿ ಮಾತ್ರ ಸದ್ದಿಲ್ಲ. ಫೈಲಿನ ಮೊದಲಿಗಿರುವ ವಿವರ, ಅಂದರೆ ಹೆಡರ್, ಓದುವಾಗ ಇದನ್ನು ತಿದ್ದಿದ್ದೆ, ಸ್ಯಾಂಪಲ್‌ಗಳಲ್ಲಿ ಮರೆತಿದ್ದೆ. ಗೆಳೆಯಾ, ನಿನ್ನ ಕಿವಿ ದೊಡ್ಡದು.

ಆಮೇಲೆ ಕೆಲವು ಫೈಲ್ ಹಾಡಿದವು. ಕೆಲವನ್ನು ತೆರೆದರೆ 'ಬಸ್ ಎರರ್' ಅನ್ನುವ ತಪ್ಪಿನ ಸಂದೇಶ ಬಂದು ಪ್ಲೇಯರ್ ನಿಂತುಹೋಗುತ್ತಿತ್ತು. ಇದನ್ನು ಹಿಡಿದವಳು ನನ್ನ ಸಹೋದ್ಯೋಗಿ, ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಕೂತು. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗದ ಮೆಮೊರಿ ವಿಳಾಸದಲ್ಲಿದ್ದರೂ ಇಂಟೆಲ್ ಓದಿಕೊಳ್ಳುತ್ತದೆ. ಸ್ಪಾರ್ಕ್ ಒಪ್ಪುವುದಿಲ್ಲ. ಪದದ ಹೆಸರು ಬರೆದಿಟ್ಟಿದ್ದ ಫೈಲುಗಳಲ್ಲಿ ಮುಂದಿನ ಭಾಗ ಎರಡು ಬೈಟ್ ಸರಿದು ಕೂತಿತ್ತು. "ಒಂದೊಂದೇ ಬೈಟ್ ಓದಿ ಜೋಡಿಸು. ಯಾವ ಮಿಷನ್ ಆದ್ರೂ ನಡೆಯುತ್ತೆ" ಅಂದಳು. ಆ ಒಂದು ಬದಲಾವಣೆಯಿಂದ ಎರಡೂ ತೊಂದರೆ ಮುಗಿದವು. ಈಗ ಲಿನಕ್ಸಿಗೂ ಸೋಲಾರಿಸ್‌ಗೂ ಫೈಲ್ ಓದುವ ಕೋಡ್ ಒಂದೇ.

ಇಷ್ಟು ದಿನ ಆ ಭೋರ್ಗರೆತ ಸಹಿಸಿಕೊಂಡು, ಹೊತ್ತುಹೊತ್ತಿಗೆ ಕಾಫಿ ಕೊಟ್ಟ ಅತ್ತೆಗೆ ಜಾಸ್ತಿ ಋಣಿ.

ಮೂರನೇ ಪದದ ನಡುವೆ ಅಜ್ಜಿ ಹಾಡು ನಿಲ್ಲಿಸಿ, "ಲೋ, ಬಾಗ್ಲು ಹಾಕೋ, ಗಾಳಿ ಬರ್ತಿದೆ" ಅನ್ನುತ್ತಾಳೆ. ಆಮೇಲೆ ಬಾಗಿಲು ಕಿರ್ ಅನ್ನುವುದೂ ಕೇಳಿಸುತ್ತದೆ. ಅವತ್ತು ಎದ್ದುಹೋಗಿ ಬಾಗಿಲು ಹಾಕಿದ ಹುಡುಗ ನಮ್ಮ ಮಾವ. ಭಾನುವಾರ ಅಷ್ಟನ್ನೇ ನಾಲ್ಕು ಸಲ ಹಾಕಿಸಿಕೊಂಡು ಕೇಳಿದರು.